ಅರ್ಧ ಮಿಲಿಮೀಟರ್ ಬಸವನಹುಳು: ಅದು ಮರಿಯಲ್ಲ, ಬೇರೆಯೇ ಪ್ರಭೇದ ಅಂತ ಹೇಗೆ ಗೊತ್ತಾಗುತ್ತದೆ?

ಅಡಿಕೆತೋಟದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿನಲ್ಲಿ ಪ್ರಾಣಿಗಳ ವರ್ಗೀಕರಣದ ಮಾತು ಬಂತು. ಬೋರ್ನಿಯೋ ದ್ವೀಪದ ಆಕ್ಮೆಲ್ಲಾ ನಾನಾ ಅನ್ನುವ ಬಸವನಹುಳುವಿನ ಬಗ್ಗೆ ಹೇಳಿದೆ. ಚಿಪ್ಪಿನ ಅಗಲ 0.50ರಿಂದ 0.60 ಮಿಲಿಮೀಟರ್, ಎತ್ತರ 0.60ರಿಂದ 0.79. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಇಟ್ಟು, ಇದಕ್ಕಿಂತ ಚಿಕ್ಕದು ಅಂದೆ. ಮಕ್ಕಳು ಕಣ್ಣರಳಿಸಿ ನೋಡಿದರು.

ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಅದು ಯಾವುದೋ ದೊಡ್ಡ ಹುಳುವಿನ ಮರಿ ಅಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು?"

ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದುಕೊಂಡು ಬಂದು ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ಇಲ್ಲಿ ಚಿಪ್ಪುಗಳ ಕೆಲಸ ಮಾಡಿದವರು ಇದ್ದೀರಿ ಅಂತ ಗೊತ್ತು. ದಯವಿಟ್ಟು ವಿವರವಾಗಿ ಹೇಳಿ. ಅವಸರವಿಲ್ಲ.

ಚಿಪ್ಪಿನ ಬೆನ್ನುಹತ್ತಿ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ನಾನು ಕೆಲವು ವರ್ಷ ಮೈಕ್ರೋಸ್ಕೋಪಿನ ಕೆಳಗೆ ಪುಟ್ಟ ಚಿಪ್ಪುಗಳನ್ನು ಬೇರ್ಪಡಿಸುವ ಕೆಲಸ ಮಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಬಸವನಹುಳುವಿನ ಚಿಪ್ಪು ಒಂದು ದಿನಚರಿ ಪುಸ್ತಕ ಇದ್ದ ಹಾಗೆ. ಮೊಟ್ಟೆಯೊಳಗಿದ್ದಾಗ ಮಾಡಿಕೊಂಡ ಮೊದಲ ಸುರುಳಿ ಚಿಪ್ಪಿನ ತುದಿಯಲ್ಲಿ ಹಾಗೇ ಉಳಿದಿರುತ್ತದೆ. ಹುಳು ಬೆಳೆದ ಹಾಗೆ ಬಾಯಿಯ ಅಂಚಿಗೆ ಹೊಸ ಸುಣ್ಣ ಸೇರುತ್ತಾ ಹೋಗುತ್ತದೆ. ಹಳೆಯದು ಎಲ್ಲೂ ಹೋಗುವುದಿಲ್ಲ. ಮೊಟ್ಟೆಯೊಳಗಿನ ಭಾಗಕ್ಕೂ ಹೊರಗೆ ಬಂದ ಮೇಲಿನ ಭಾಗಕ್ಕೂ ಮೇಲ್ಮೈಯಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಾಣುತ್ತದೆ. ಒಂದರಲ್ಲಿ ಸಣ್ಣ ಗುಳಿಗಳಿದ್ದರೆ ಇನ್ನೊಂದರಲ್ಲಿ ಗೆರೆಗಳು, ಹೀಗೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಡಿ ಸ್ಪಷ್ಟ. ಅಲ್ಲಿಂದ ಮುಂದೆ ಎಷ್ಟು ಸುತ್ತು ಬೆಳೆದಿದೆ ಅಂತ ಎಣಿಸಬಹುದು.

ಇನ್ನೊಂದು ಗುರುತು ತುಟಿ. ಬಹಳಷ್ಟು ನೆಲದ ಹುಳುಗಳು ಪ್ರಾಯಕ್ಕೆ ಬಂದಾಗ ಬೆಳೆಯುವುದನ್ನು ನಿಲ್ಲಿಸಿ, ಬಾಯಿಯ ಅಂಚನ್ನು ದಪ್ಪ ಮಾಡಿಕೊಳ್ಳುತ್ತವೆ, ಇಲ್ಲವೇ ಹೊರಗೆ ಮಡಚಿಕೊಳ್ಳುತ್ತವೆ. ಬೋರ್ನಿಯೋದಲ್ಲಿ ತುಂಬಾ ಇರುವ ಡಿಪ್ಲೊಮ್ಯಾಟಿನಾ ಕುಲದಲ್ಲಿ ಇದು ಎದ್ದು ಕಾಣುತ್ತದೆ. ಮರಿಯ ಬಾಯಿಯ ಅಂಚು ಗಾಜಿನ ಚೂರಿನಷ್ಟು ತೆಳು. ಮುಟ್ಟಿದರೆ ಮುರಿಯುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸಂಖ್ಯೆ. ಒಂದೇ ಚಿಪ್ಪು ಸಿಕ್ಕರೆ ಅನುಮಾನ ಉಳಿಯುತ್ತದೆ. ಒಂದೇ ಜಾಗದ ಮಣ್ಣಿನಲ್ಲಿ ಅದೇ ರೂಪದ ಹಲವು ಚಿಪ್ಪು ಸಿಕ್ಕಿ, ದೊಡ್ಡವೆಲ್ಲ ಹೆಚ್ಚುಕಡಿಮೆ ಒಂದೇ ಸುತ್ತಿಗೆ ನಿಂತಿದ್ದರೆ, ಅದು ಬೆಳೆದು ಮುಗಿದ ಹುಳು ಅಂತ ಧೈರ್ಯವಾಗಿ ಹೇಳಬಹುದು. ನೀವು ಕೊಟ್ಟ 0.60ರಿಂದ 0.79 ಅನ್ನುವ ಅಳತೆಯೇ ನೋಡಿ. ಒಂದಕ್ಕಿಂತ ಹೆಚ್ಚು ಚಿಪ್ಪು ಅಳೆದದ್ದಕ್ಕೇ ಅದು "ಇಷ್ಟರಿಂದ ಇಷ್ಟು" ಅಂತ ಬಂದಿರುವುದು.

ಜೀನ್ ಹುಡುಗ

ಮೇಡಂ, ಅಷ್ಟು ಚಿಕ್ಕದನ್ನು ಕಾಡಿನಲ್ಲಿ ಹುಡುಕುವುದಾದರೂ ಹೇಗೆ? ಲೆನ್ಸ್ ಹಿಡಿದು ಬಂಡೆ ಬಂಡೆ ನೋಡುತ್ತಾರಾ?

ಚಿಪ್ಪಿನ ಬೆನ್ನುಹತ್ತಿ

ಇಲ್ಲಪ್ಪ. ಸುಣ್ಣದಕಲ್ಲಿನ ಗುಡ್ಡದ ಬುಡದಿಂದ ಮಣ್ಣು, ತರಗೆಲೆ, ಕಸ ಎಲ್ಲಾ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಅದನ್ನು ಒಣಗಿಸಿ, ಜರಡಿ ಹಿಡಿದು, ಬಕೆಟ್ ನೀರಿಗೆ ಸುರಿದು ಚೆನ್ನಾಗಿ ಕಲಕುತ್ತಾರೆ. ಮರಳು, ಜೇಡಿ ತಳಕ್ಕೆ ಇಳಿಯುತ್ತದೆ. ಖಾಲಿ ಚಿಪ್ಪಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ ಅಲ್ವಾ, ಅದು ತೇಲುತ್ತದೆ. ತೇಲಿದ್ದನ್ನು ಬಳಿದು ಒಣಗಿಸಿ ಮೈಕ್ರೋಸ್ಕೋಪಿನ ಕೆಳಗೆ ಹರಡಿದರೆ ನೂರಾರು ಚಿಪ್ಪು. ಒದ್ದೆ ಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಬೇಕು. ಚಿಮಟ ಹಿಡಿದರೆ ಪುಡಿಯಾಗುತ್ತವೆ. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತವೆ. ಒಂದು ಚೀಲದ ಮಣ್ಣಿಗೆ ದಿನಗಟ್ಟಲೆ ಕೂತದ್ದುಂಟು. ನನ್ನ ಜೀವನದ ಅತ್ಯಂತ ನೆಮ್ಮದಿಯ ದಿನಗಳು ಅವು.

ಆಕ್ಮೆಲ್ಲಾ ನಾನಾ ಹೀಗೇ ಸಿಕ್ಕಿದ್ದು. ಬೋರ್ನಿಯೋದ ಮಲೇಷ್ಯಾ ಭಾಗದಲ್ಲಿರುವ ಸಬಾ ರಾಜ್ಯದಲ್ಲಿ. ವಿವರಿಸಿದವರು ಮೂವರು: ವರ್ಮ್ಯೂಲೆನ್, ಲಿಯೂ ಮತ್ತು ಸ್ಖಿಲ್ಟ್‌ಹೌಜನ್. 2015ರ ನವೆಂಬರಿನಲ್ಲಿ ಜೂಕೀಸ್ ಪತ್ರಿಕೆಯಲ್ಲಿ ಬಂದ ಆ ಒಂದೇ ಲೇಖನದಲ್ಲಿ ಸಬಾದ 48 ಹೊಸ ಪ್ರಭೇದಗಳಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೀನಾದ ಗುವಾಂಗ್‌ಶಿಯಿಂದ ಆಂಗುಸ್ಟೋಪಿಲಾ ಡೊಮಿನಿಕೇ ಅನ್ನುವ 0.86 ಮಿಲಿಮೀಟರ್ ಎತ್ತರದ ಹುಳುವನ್ನು ಜಗತ್ತಿನಲ್ಲೇ ಚಿಕ್ಕದು ಅಂತ ಹೇಳಿದ್ದರು. ಎರಡು ತಿಂಗಳು ತುಂಬುವ ಮೊದಲೇ ಆ ದಾಖಲೆ ಹೋಯಿತು. ಮುಂದೆ 2022ರಲ್ಲಿ ವಿಯೆಟ್ನಾಮಿನ ಆಂಗುಸ್ಟೋಪಿಲಾ ಸ್ಯಾಮಿಯಾನ್ ಬಂತು. ಎತ್ತರ 0.60ರಿಂದ 0.68.

ಪದಪ್ರೇಮಿ

ನಡುವೆ ಒಂದು ಮಾತು. "ನಾನಾ" ಅಂದಾಗ ನಮಗೆ ನಾನಾ ಬಗೆ, ನಾನಾ ಊರು ನೆನಪಾಗುತ್ತದೆ. ಇದು ಆ ನಾನಾ ಅಲ್ಲ. ಲ್ಯಾಟಿನ್ನಿನಲ್ಲಿ ನಾನುಸ್ ಅಂದರೆ ಕುಳ್ಳ. ಕುಲದ ಹೆಸರು ಆಕ್ಮೆಲ್ಲಾ ಸ್ತ್ರೀಲಿಂಗ. ಪ್ರಭೇದದ ಹೆಸರು ಗುಣವಾಚಕವಾಗಿದ್ದರೆ ಅದೂ ಅದೇ ಲಿಂಗಕ್ಕೆ ಹೊಂದಬೇಕು. ಹಾಗಾಗಿ ನಾನುಸ್ ಹೋಗಿ ನಾನಾ ಆಯಿತು. ಕುಳ್ಳ ಅಲ್ಲ, ಕುಳ್ಳಿ. ಮಕ್ಕಳಿಗೆ ಹೀಗೆ ಹೇಳಿದರೆ ಮರೆಯುವುದಿಲ್ಲ.

ಅಡಿಕೆತೋಟದ ಮೇಷ್ಟ್ರು

ಕುಳ್ಳಿ! ಇದನ್ನು ನಾಳೆಯೇ ಹೇಳುತ್ತೇನೆ. ತುಂಬಾ ಧನ್ಯವಾದ.

ಕಲ್ಲುಮಣ್ಣು

ನಾನು ಭೂವಿಜ್ಞಾನದವನು, ನಿವೃತ್ತಿಯಾಗಿದೆ. ಹುಳುಗಳ ಬಗ್ಗೆ ಜಾಸ್ತಿ ಗೊತ್ತಿಲ್ಲ, ಆದರೆ ಕಲ್ಲಿನ ಬಗ್ಗೆ ಹೇಳದೆ ಇರಲಾಗುತ್ತಿಲ್ಲ. ಸಬಾದಲ್ಲಿ ಸುಣ್ಣದಕಲ್ಲು ಒಂದೇ ಹಾಸಿನಂತೆ ಹರಡಿಲ್ಲ. ಕಿನಬಟಂಗನ್ ನದಿಯ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಗುಡ್ಡ ಎದ್ದು ನಿಂತಿವೆ. ಹಕ್ಕಿಗೂಡಿಗೆ ಹೆಸರಾದ ಗೊಮಾಂಟಾಂಗ್ ಗುಹೆಗಳು ಅಂಥದ್ದೇ ಗುಡ್ಡದಲ್ಲಿವೆ. ಸುತ್ತಲೂ ಇರುವ ಕಾಡಿನ ಮಣ್ಣು ಹುಳಿ. ಮಳೆ ಜಾಸ್ತಿ ಬೀಳುವ ಕಡೆ ಮಣ್ಣಿನ ಸುಣ್ಣ ತೊಳೆದುಹೋಗುತ್ತದೆ. ಚಿಪ್ಪು ಕಟ್ಟಲು ಸುಣ್ಣ ಬೇಕೇ ಬೇಕು. ಗುಡ್ಡದ ಮೇಲೆ ಬೇಕಾದಷ್ಟಿದೆ, ಕೆಳಗಿಳಿದರೆ ಇಲ್ಲ.

ಅರ್ಧ ಮಿಲಿಮೀಟರ್ ಪ್ರಾಣಿಗೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುವುದು ಸಮುದ್ರ ದಾಟಿದಷ್ಟೇ ಕಷ್ಟ. ಬೋರ್ನಿಯೋ ಒಂದು ದ್ವೀಪ. ಅದರೊಳಗೆ ಈ ಗುಡ್ಡಗಳೂ ಒಂದೊಂದು ದ್ವೀಪ. ಬೇರೆ ಬೇರೆಯಾಗಿ ಉಳಿದ ಗುಂಪುಗಳು ಕಾಲ ಕಳೆದ ಹಾಗೆ ಬೇರೆ ಬೇರೆ ರೂಪಕ್ಕೆ ತಿರುಗುತ್ತವೆ. ಒಂದು ರಾಜ್ಯದಲ್ಲಿ ಒಂದೇ ಸಲಕ್ಕೆ 48 ಹೊಸ ಪ್ರಭೇದ ಸಿಕ್ಕಿದ್ದಕ್ಕೆ ಈ ಕಲ್ಲೇ ದೊಡ್ಡ ಕಾರಣ.

ಚಿಪ್ಪಿನ ಬೆನ್ನುಹತ್ತಿ

ತುಂಬಾ ಚೆನ್ನಾಗಿ ಹೇಳಿದಿರಿ ಸರ್. ಅದೇ ಲೇಖನದಲ್ಲಿ ಡಿಪ್ಲೊಮ್ಯಾಟಿನಾ ಟೈಲೊಕೈಲೋಸ್ ಅಂತ ಇದೆ. ಟ್ರುಸ್ ಮಡಿ ಬೆಟ್ಟದ ಲೊಲೊಪೊಸೋನ್ ಗುಹೆಯ ಬಾಯಲ್ಲಿ ಮಾತ್ರ ಸಿಕ್ಕಿದೆ. ಒಂದು ಗುಹೆಯ ಬಾಯಿ, ಅಷ್ಟೇ ಅದರ ಪ್ರಪಂಚ. ಒಂದು ಕಾಡುಕಿಚ್ಚು ಸಾಕು.

ಕಾಫಿ ಕಣ

ಸೋಮವಾರಪೇಟೆ ಕಡೆಯವನು ನಾನು. ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿರುವುದನ್ನು ಕೇಳುತ್ತೇನೆ. ನಮ್ಮ ಕಡೆ ಆಫ್ರಿಕನ್ ದೈತ್ಯ ಬಸವನಹುಳು ಬಂದು ತೋಟ ಹಾಳಾಗಿದೆ. ಮಳೆಗಾಲದಲ್ಲಿ ಗೋಣಿಚೀಲಗಟ್ಟಲೆ ಆರಿಸಿ, ಹೊಂಡ ತೆಗೆದು, ಉಪ್ಪು ಸುಣ್ಣ ಹಾಕಿ ಮುಚ್ಚಿದ್ದೇವೆ. ಕಾಫಿ ಗಿಡದ ತೊಗಟೆಯನ್ನೂ ಬಿಡುವುದಿಲ್ಲ ಅವು. ಬಸವನಹುಳು ಅಂದರೆ ನಮಗೆ ಹೊಟ್ಟೆ ಉರಿಯುತ್ತದೆ. ಕಣ್ಣಿಗೇ ಕಾಣದ ಒಂದಕ್ಕೆ ಹೆಸರಿಟ್ಟು ಏನಾಗಬೇಕು?

ಚಿಪ್ಪಿನ ಬೆನ್ನುಹತ್ತಿ

ಅಣ್ಣ, ಬೇಜಾರು ಯಾಕೆ? ನಿಮ್ಮ ಕಷ್ಟ ನಿಜವಾದದ್ದು. ಅದೇ ದೈತ್ಯ ಹುಳು ಶಾಂತಸಾಗರದ ದ್ವೀಪಗಳಿಗೂ ಹೋಯಿತು. ಅಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಅದನ್ನು ತಿನ್ನಲಿ ಅಂತ ಫ್ಲೋರಿಡಾ ಕಡೆಯ ಯೂಗ್ಲಾಂಡಿನಾ ಅನ್ನುವ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಹವಾಯಿಗೆ 1955ರಲ್ಲಿ, ಮೊರಿಯಾ ದ್ವೀಪಕ್ಕೆ 1977ರಲ್ಲಿ. ಅದಕ್ಕೆ ದೈತ್ಯನಿಗಿಂತ ಆ ದ್ವೀಪಗಳದೇ ಆದ ಸಣ್ಣ ಹುಳುಗಳು ಸುಲಭದ ತುತ್ತಾದವು. ಮೊರಿಯಾದ ಪಾರ್ಟುಲಾ ಬಸವನಹುಳುಗಳು ಸುಮಾರು ಹತ್ತು ವರ್ಷದಲ್ಲಿ ಕಾಡಿನಿಂದ ಮಾಯವಾದವು. ಸುತ್ತಲಿನ ಬೇರೆ ದ್ವೀಪಗಳಲ್ಲೂ ಅದೇ ಕಥೆ. ಕೆಲವನ್ನು ಮೊದಲೇ ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದರಿಂದ ಅಷ್ಟಾದರೂ ಉಳಿದವು. 2015ರಿಂದ ಅವನ್ನು ದ್ವೀಪಗಳಿಗೆ ವಾಪಸ್ ಬಿಡುತ್ತಿದ್ದಾರೆ.

ಯಾವುದು ಯಾವ ಪ್ರಭೇದ ಅಂತ ಮೊದಲೇ ಬರೆದಿಟ್ಟಿದ್ದರಿಂದಲೇ ಏನು ಕಳೆದುಹೋಯಿತು ಅಂತ ಗೊತ್ತಾಯಿತು, ಯಾವುದನ್ನು ಎಲ್ಲಿಗೆ ವಾಪಸ್ ಬಿಡಬೇಕು ಅಂತಲೂ ಗೊತ್ತಾಯಿತು. ನಿಮ್ಮ ತೋಟದಲ್ಲೂ ಅಷ್ಟೇ. ದೈತ್ಯ ಹುಳು ಹೊರಗಿನಿಂದ ಬಂದದ್ದು. ಆದರೆ ತರಗೆಲೆಯ ಕೆಳಗೆ ನಮ್ಮ ಪಶ್ಚಿಮ ಘಟ್ಟದ್ದೇ ಸಣ್ಣ ಹುಳುಗಳಿವೆ. ಅವು ಕೊಳೆತದ್ದನ್ನು ತಿಂದು ಮಣ್ಣು ಮಾಡುತ್ತವೆ, ಕಾಫಿ ತಿನ್ನುವುದಿಲ್ಲ. ದೈತ್ಯನನ್ನು ಆರಿಸುವಾಗ ಕೈಗವಸು ಹಾಕಿಕೊಳ್ಳಿ. ಅದರಲ್ಲಿ ಮನುಷ್ಯರ ಮಿದುಳಿಗೆ ಹೋಗುವ ಒಂದು ಜಂತು ಇರಬಹುದು.

ಕಾಫಿ ಕಣ

ಈ ವಿಷಯ ಗೊತ್ತಿರಲಿಲ್ಲ ತಂಗಿ. ನಮ್ಮ ಆಳುಗಳಿಗೂ ಗ್ಲೌಸ್ ತರಿಸುತ್ತೇನೆ. ಸಣ್ಣವನ್ನು ಇನ್ನು ಮುಂದೆ ಗಮನಿಸಿ ನೋಡುತ್ತೇನೆ.

ಜೀನ್ ಹುಡುಗ

ನನ್ನದೊಂದು ತಕರಾರಿದೆ. ಬರೀ ಚಿಪ್ಪು ನೋಡಿ ಹೊಸ ಪ್ರಭೇದ ಅನ್ನುವುದು ಸರಿಯೇ? ಒಂದೇ ಪ್ರಭೇದದೊಳಗೆ ಚಿಪ್ಪಿನ ರೂಪ ಬದಲಾಗಬಹುದು. ಎರಡು ಪ್ರಭೇದಗಳ ಚಿಪ್ಪು ಒಂದೇ ಥರ ಕಾಣಬಹುದು. ಡಿಎನ್‌ಎ ಇಲ್ಲದೆ ತೀರ್ಮಾನ ಮಾಡಬಾರದು ಅಂತ ನನ್ನ ಅನಿಸಿಕೆ.

ಚಿಪ್ಪಿನ ಬೆನ್ನುಹತ್ತಿ

ಅರ್ಧ ಒಪ್ಪುತ್ತೇನೆ. ಜೀವಂತ ಹುಳು ಸಿಕ್ಕರೆ ಡಿಎನ್‌ಎ ನೋಡಲೇಬೇಕು. ಆದರೆ ತೇಲಿಸಿ ತೆಗೆದದ್ದೆಲ್ಲ ಖಾಲಿ ಚಿಪ್ಪು, ಒಳಗೆ ಮಾಂಸವೇ ಇಲ್ಲ. ಜೀವಂತ ಹುಳು ಸಿಗುವವರೆಗೆ ಕಾಯುತ್ತಾ ಕೂತರೆ ಗುಡ್ಡವೇ ಇರುವುದಿಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ಮಲೇಷ್ಯಾದ ಪಹಾಂಗ್‌ನಲ್ಲಿ ಬುಕಿಟ್ ಪಾಂಚಿಂಗ್ ಅಂತ ಒಂದು ಸುಣ್ಣದಕಲ್ಲಿನ ಗುಡ್ಡ ಇತ್ತು. ಪ್ಲೆಕ್ಟೋಸ್ಟೋಮಾ ಸಯಾಫಿಲಂ ಅನ್ನುವ ಪುಟ್ಟ ಬಸವನಹುಳು ಅಲ್ಲಿ ಮಾತ್ರ ಇತ್ತು. 1952ರಲ್ಲಿ ಅದನ್ನು ವಿವರಿಸಿದ್ದರು. ಆಮೇಲೆ ಕಲ್ಲಿಗಾಗಿ ಗುಡ್ಡವನ್ನೇ ಕಡಿದು ಮುಗಿಸಿದರು. ಹುಳು ಈಗ ಅಳಿದುಹೋದವುಗಳ ಪಟ್ಟಿಯಲ್ಲಿದೆ. ಅದು ಬದುಕಿತ್ತು ಅನ್ನುವುದಕ್ಕೆ ಸಾಕ್ಷಿ ಆ ಚಿಪ್ಪುಗಳು ಮತ್ತು ಆ ವಿವರಣೆ.

ಚಿಪ್ಪಿನಲ್ಲಿ ಏನೇನು ನೋಡುತ್ತಾರೆ ಅಂತ ಹೇಳಿದರೆ ನಿನ್ನ ಅನುಮಾನ ಸ್ವಲ್ಪ ಕಡಿಮೆಯಾಗಬಹುದು. ಎತ್ತರ, ಅಗಲ, ಎಷ್ಟು ಸುತ್ತು. ಸುತ್ತುಗಳು ಉಬ್ಬಿವೆಯೋ ಚಪ್ಪಟೆಯೋ, ಎರಡು ಸುತ್ತು ಕೂಡುವ ಗೆರೆ ಎಷ್ಟು ಆಳ. ಬಲಕ್ಕೆ ಸುತ್ತಿದೆಯೋ ಎಡಕ್ಕೋ. ಚಿಪ್ಪನ್ನು ತಲೆಕೆಳಗು ಮಾಡಿದರೆ ನಡುವೆ ಒಂದು ತೂತು ಕಾಣುತ್ತದೆ, ಅದಕ್ಕೆ ಹೊಕ್ಕುಳು ಅಂತಲೇ ಹೆಸರು. ಅದು ತೆರೆದಿದೆಯೋ ಮುಚ್ಚಿದೆಯೋ. ಮೇಲ್ಮೈಯಲ್ಲಿ ಅಡ್ಡಗೆರೆ ಇದೆಯೋ, ಸುತ್ತಿನ ಜೊತೆ ಓಡುವ ಗೆರೆ ಇದೆಯೋ, ಎರಡೂ ಇದ್ದರೆ ಯಾವುದು ಗಾಢ. ಬಾಯಿಯ ಆಕಾರ, ತುಟಿ, ಬಾಯೊಳಗೆ ಹಲ್ಲಿನಂಥ ಉಬ್ಬು ಇದೆಯೋ. ಇವನ್ನೆಲ್ಲ ಅದೇ ಕುಲದ ಗೊತ್ತಿರುವ ಪ್ರಭೇದಗಳ ಪಕ್ಕ ಇಟ್ಟು ನೋಡುತ್ತಾರೆ. ಒಂದು ಗುಣ ಬೇರೆ ಇದ್ದರೆ ಸಾಲದು. ಹಲವು ಗುಣಗಳು ಒಟ್ಟಿಗೆ, ಎಲ್ಲಾ ಚಿಪ್ಪುಗಳಲ್ಲೂ, ನಡುವಿನ ರೂಪಗಳಿಲ್ಲದೆ ಬೇರೆಯಾಗಿರಬೇಕು.

ಆಮೇಲೆ ಒಂದು ಚಿಪ್ಪನ್ನು ಹೋಲೋಟೈಪ್ ಅಂತ ಆರಿಸುತ್ತಾರೆ. ಹೆಸರು ಅಂಟಿಕೊಳ್ಳುವುದು ಆ ಒಂದು ಚಿಪ್ಪಿಗೆ. 2000ರಿಂದ ಜಾರಿಯಲ್ಲಿರುವ ಪ್ರಾಣಿಗಳ ಹೆಸರಿಡುವ ನಿಯಮಾವಳಿಯ ಪ್ರಕಾರ, ಹೊಸ ಪ್ರಭೇದದ ಮಾದರಿ ಯಾವುದು, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗುತ್ತದೆ ಅಂತ ಬರೆಯಲೇಬೇಕು. ನಾಳೆ ನಿನ್ನಂಥವನು ಡಿಎನ್‌ಎ ತಂದು "ಇವೆರಡೂ ಒಂದೇ" ಅಂತ ತೋರಿಸಿದರೆ, ಆ ಮಾದರಿಯ ಜೊತೆ ಹೋಲಿಸಿ ಹೆಸರು ತೆಗೆದುಹಾಕಬಹುದು. ಪ್ರಭೇದದ ವಿವರಣೆ ಕೋರ್ಟಿನ ಕೊನೆಯ ತೀರ್ಪಲ್ಲ. ಮೇಲ್ಮನವಿಗೆ ಬಾಗಿಲು ತೆರೆದೇ ಇರುತ್ತದೆ.

ಜೀನ್ ಹುಡುಗ

ಮೇಲ್ಮನವಿಯ ಮಾತು ಒಪ್ಪಿದೆ. ಆದರೂ ಜೀವಂತ ಹುಳು ಸಿಗುವ ಕಡೆಯೂ ಕೆಲವರು ಚಿಪ್ಪಿಗೇ ನಿಲ್ಲಿಸುತ್ತಾರೆ, ಅದಕ್ಕೆ ನನ್ನ ವಿರೋಧ ಹಾಗೇ ಇದೆ. ಇನ್ನೊಂದು: ಆಕ್ಮೆಲ್ಲಾ ನಾನಾ ತೋಟದ ಬಸವನಹುಳುಗಳ ಹತ್ತಿರದ ನೆಂಟನೇ?

ಚಿಪ್ಪಿನ ಬೆನ್ನುಹತ್ತಿ

ನಿನ್ನ ವಿರೋಧ ಇಟ್ಟುಕೋ, ಒಳ್ಳೆಯದೇ.

ನೆಂಟಸ್ತಿಕೆಯ ಪ್ರಶ್ನೆ ಸೊಗಸಾಗಿದೆ. ಆಕ್ಮೆಲ್ಲಾ ಅಸ್ಸಿಮಿನೀಡೇ ಕುಟುಂಬದ್ದು. ಆ ಕುಟುಂಬದ ಬಹಳಷ್ಟು ಹುಳುಗಳು ಅಳಿವೆ, ಕಾಂಡ್ಲಾ ಕಾಡಿನ ಉಪ್ಪುನೀರಿನ ಅಂಚಿನಲ್ಲಿರುತ್ತವೆ. ಅಂದರೆ ಆಕ್ಮೆಲ್ಲಾ ನೀರಿನ ಕಡೆಯಿಂದ ನೆಲಕ್ಕೆ ಹತ್ತಿಬಂದ ವಂಶ. ಬಾಯಿ ಮುಚ್ಚಲು ಒಂದು ಪುಟ್ಟ ಮುಚ್ಚಳ ಇರುತ್ತದೆ. ಗಂಡು ಹೆಣ್ಣು ಬೇರೆ ಬೇರೆ. ಆಫ್ರಿಕನ್ ದೈತ್ಯನಿಗೆ ಮುಚ್ಚಳ ಇಲ್ಲ, ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ನೋಡಲು ಇಬ್ಬರೂ ಬಸವನಹುಳು, ವಂಶದಲ್ಲಿ ಬಹಳ ದೂರ. ಕುಳ್ಳಿ ಏನು ತಿನ್ನುತ್ತಾಳೆ ಅಂತ ಕಣ್ಣಾರೆ ನೋಡಿ ಬರೆದದ್ದಲ್ಲ. ಬಂಡೆಯ ಮೇಲಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ತೆಳು ಪದರ ಮೇಯುತ್ತಿರಬಹುದು ಅಂತ ವಿವರಿಸಿದವರ ಊಹೆ.

ಆಕ್ಮೆಲ್ಲಾ ಕುಲದ ಹೆಸರು ಇಟ್ಟದ್ದು ಬ್ಲ್ಯಾನ್‌ಫರ್ಡ್, 1869ರಲ್ಲಿ. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವರು. ಈ ಕುಲದ ಪ್ರಭೇದಗಳು ಭಾರತದಲ್ಲೂ ಇವೆ.

ಕಲ್ಲುಮಣ್ಣು

ಭೂವಿಜ್ಞಾನಿಯೇ ಹೆಸರಿಟ್ಟದ್ದು ಅಂತ ಕೇಳಿ ಖುಷಿಯಾಯಿತು.

ಅಡಿಕೆತೋಟದ ಮೇಷ್ಟ್ರು

ಇಷ್ಟೆಲ್ಲ ಓದಿದ ಮೇಲೆ ಒಂದು ಆಸೆ. ಮಕ್ಕಳ ಕೈಯಲ್ಲಿ ಇಂಥದ್ದು ಮಾಡಿಸಬಹುದೇ? ವಿಜ್ಞಾನಿಗಳಲ್ಲದವರು ಈ ಕೆಲಸದಲ್ಲಿ ಸೇರಿದ್ದುಂಟೇ?

ಚಿಪ್ಪಿನ ಬೆನ್ನುಹತ್ತಿ

ಉಂಟು ಮೇಷ್ಟ್ರೇ. ಬೋರ್ನಿಯೋದ ಇನ್ನೊಂದು ಭಾಗ ಬ್ರೂನೈ. ಅಲ್ಲಿನ ಕ್ವಾಲಾ ಬೆಲಾಲೋಂಗ್ ಕ್ಷೇತ್ರ ಕೇಂದ್ರದ ಹತ್ತಿರ ಸಾಮಾನ್ಯ ಜನ ವಿಜ್ಞಾನಿಗಳ ಜೊತೆ ಶಿಬಿರಕ್ಕೆ ಹೋಗಿ ಒಂದು ಹೊಸ ಬಸವನಹುಳು ಹುಡುಕಿದರು. ಸುಮಾರು 2 ಮಿಲಿಮೀಟರಿನದು. ಅಳತೆ, ಚಿತ್ರ, ವಿವರಣೆ ಎಲ್ಲದರಲ್ಲೂ ಶಿಬಿರದವರು ಕೈಹಾಕಿದರು. ಹೆಸರಿಗೆ ಮತ ಹಾಕಿದರು. ಗ್ರೇಟಾ ಥನ್‌ಬರ್ಗ್ ಹೆಸರು ಗೆದ್ದಿತು. ಕ್ರಾಸ್ಪೆಡೋಟ್ರೋಪಿಸ್ ಗ್ರೇಟಾಥನ್‌ಬರ್ಗೇ ಅಂತ 2020ರಲ್ಲಿ ಪ್ರಕಟವಾಯಿತು. ಈ ಗುಂಪಿನ ಹುಳುಗಳು ಬರ, ಬಿಸಿಲು, ಕಾಡು ಕಡಿಯುವುದು ಯಾವುದನ್ನೂ ತಾಳುವುದಿಲ್ಲ. ಹಾಗಾಗಿ ಹೆಸರು ಹೊಂದಿಕೊಂಡಿತು.

ನೀವು ಮಾಡುವುದಾದರೆ ಕಾಡಿಗೆ ಹೋಗಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಂದ ಏನನ್ನೂ ತರುವಂತಿಲ್ಲ. ನಿಮ್ಮದೇ ತೋಟದ ಮಣ್ಣು ಸಾಕು. ಪೂರ್ತಿ ಒಣಗಿಸಿ ನೀರಿಗೆ ಹಾಕಿ. ಹಸಿ ಇದ್ದರೆ ಚಿಪ್ಪಿನೊಳಗೆ ಗಾಳಿ ನಿಲ್ಲದೆ ಮುಳುಗುತ್ತದೆ. ಟೀ ಜಾಲರಿ ಬೇಡ, ಕುಳ್ಳಿಯಂಥವಳು ಜಾರಿಹೋಗುತ್ತಾಳೆ. ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ. ಮಕ್ಕಳು ಆಮೇಲೆ ಸೋಪಿನಲ್ಲಿ ಕೈ ತೊಳೆಯಲಿ.

ಅಡಿಕೆತೋಟದ ಮೇಷ್ಟ್ರು

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಮಾಡಿದೆವು! ತೋಟದ ಕಾದಿಗೆಯ (ನೀರು ಹರಿಯುವ ಕಾಲುವೆಯ) ಅಂಚಿನಿಂದ ಒಂದು ಬುಟ್ಟಿ ಮಣ್ಣು ತಂದು ಮೂರು ದಿನ ಬಿಸಿಲಿಗೆ ಹರಡಿದೆವು. ಮೊದಲ ಬಕೆಟ್ಟಿನಲ್ಲಿ ಬರೀ ಅಡಿಕೆ ಸಿಪ್ಪೆಯ ನಾರು. ಮಕ್ಕಳ ಮುಖ ಸಣ್ಣದಾಯಿತು. ಎರಡನೆಯದರಲ್ಲಿ ಬಟ್ಟೆಯ ಮೇಲೆ ಬಿಳಿ ಚುಕ್ಕಿಗಳು. ಶಾಲೆಯ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಎದ್ದ ಕೂಗು ಪಕ್ಕದ ಕ್ಲಾಸಿಗೂ ಕೇಳಿಸಿತು.

ಹದಿನಾಲ್ಕು ಚಿಪ್ಪು ಸಿಕ್ಕಿವೆ. ಗ್ರಾಫ್ ಹಾಳೆಯ ಮೇಲೆ ಇಟ್ಟು ಅಳೆದೆವು. ಒಂಬತ್ತು ಉದ್ದಕ್ಕೆ, ತೆಳ್ಳಗೆ, ಹೊಳೆಯುವಂಥವು, 5ರಿಂದ 8 ಮಿಲಿಮೀಟರ್. ನಾಲ್ಕು ಚಪ್ಪಟೆಯವು. ಒಂದು ಮಾತ್ರ ತೀರಾ ಚಿಕ್ಕದು, ಒಂದು ಮಿಲಿಮೀಟರ್ ಚೌಕದೊಳಗೆ ಕೂರುತ್ತದೆ. ಪ್ರಶ್ನೆ ಕೇಳಿದ ಹುಡುಗಿಗೇ ಅದು ಸಿಕ್ಕಿದ್ದು. ಚಿತ್ರ ಹಾಕಿದ್ದೇನೆ, ನೋಡಿ ಹೇಳಿ.

ಕಲ್ಲುಮಣ್ಣು

ತೋಟಕ್ಕೆ ಸುಣ್ಣ ಹಾಕುತ್ತೀರಾ ಮೇಷ್ಟ್ರೇ?

ಅಡಿಕೆತೋಟದ ಮೇಷ್ಟ್ರು

ಹಾಕುತ್ತೇವೆ ಸರ್. ಕಾದಿಗೆಯ ಆ ಬದಿಗೆ ಹೋದ ವರ್ಷವೇ ಹಾಕಿದ್ದು.

ಚಿಪ್ಪಿನ ಬೆನ್ನುಹತ್ತಿ

ಸುಣ್ಣವೂ ಚಿಪ್ಪು ಕರಗದೆ ಉಳಿಯಲು ಸಹಾಯ ಮಾಡಿರಬಹುದು.

ಉದ್ದದವು ಅಲ್ಲೋಪಿಯಾಸ್ ಗ್ರಾಸಿಲೆ ಇರಬಹುದು ಅನಿಸುತ್ತದೆ, ತೋಟಗಳಲ್ಲಿ ಬಹಳ ಸಾಮಾನ್ಯ. ಚಿತ್ರ ನೋಡಿ ಖಚಿತವಾಗಿ ಹೇಳಲಾಗದು. ಆ ಪುಟ್ಟದರ ಬಾಯಿಯ ಅಂಚು ತುಂಬಾ ತೆಳುವಾಗಿದೆ, ಒಂದು ಕಡೆ ಸ್ವಲ್ಪ ಮುರಿದಿದೆ. ತುದಿಯಿಂದ ಎಣಿಸಿದರೆ ಎರಡು ಸುತ್ತೂ ಪೂರ್ತಿ ಇಲ್ಲ. ಅದು ಮರಿ ಅಂತಲೇ ನನಗೆ ಕಾಣುತ್ತದೆ. ನಿಮ್ಮ ಹುಡುಗಿಗೆ ಹೇಳಿ: ಅವಳು ಅವತ್ತು ಕೇಳಿದ ಪ್ರಶ್ನೆಗೆ ಈಗ ಅವಳ ಕೈಯಲ್ಲೇ ಒಂದು ಉತ್ತರ ಇದೆ. ಅದೇ ಜಾಗದ ಮಣ್ಣು ಇನ್ನೂ ನಾಲ್ಕು ಬುಟ್ಟಿ ತೇಲಿಸಿ. ಇದೇ ಥರದ್ದು ಇನ್ನಷ್ಟು ದೊಡ್ಡದು ಸಿಗುತ್ತದಾ ನೋಡಿ.

ಅಲ್ಲಿಯವರೆಗೆ ಅದನ್ನು ಒಣಗಿದ ಪುಟ್ಟ ಗಾಜಿನ ಸೀಸೆಯಲ್ಲಿ, ಹತ್ತಿ ಇಟ್ಟು, ಚೀಟಿ ಹಾಕಿ ಇಡಿ. ಚೀಟಿ ಇಲ್ಲದ ಚಿಪ್ಪು ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ. ಬಾಲ್‌ಪೆನ್ ಬೇಡ, ಪೆನ್ಸಿಲಿನಲ್ಲಿ ಬರೆಯಿರಿ. ಊರು, ತೋಟದ ಯಾವ ಬದಿ, ಯಾವ ಮಣ್ಣು, ತಾರೀಖು, ಹುಡುಕಿದವರು.

ಅಡಿಕೆತೋಟದ ಮೇಷ್ಟ್ರು

ಚೀಟಿ ಅವಳೇ ಬರೆದಳು. ಕೊನೆಯ ಸಾಲಿನಲ್ಲಿ ತನ್ನ ಹೆಸರು ಬರೆದು, ಅದರ ಕೆಳಗೆ "ಮರಿ ಇರಬಹುದು, ಇನ್ನೂ ನೋಡಬೇಕು" ಅಂತ ಸೇರಿಸಿದ್ದಾಳೆ. ಶನಿವಾರ ಮತ್ತೆ ಮಣ್ಣು ತರುತ್ತೇವೆ.